ಕೆಂಪು ದೀಪ ಮಿಣುಕುವ ಮುನ್ನ: ಹಳೆಯ ಕಾರು, ಆಯಿಲ್ ಒತ್ತಡ ಮತ್ತು ಸರಿಯಾದ ಆಯ್ಕೆ

ಬೆಂಗಳೂರು: ಏಪ್ರಿಲ್ ತಿಂಗಳ ಸುಡು ಮಧ್ಯಾಹ್ನ. ಮೈಸೂರಿನಿಂದ ಹೊರಟ ಹಳೆಯ ಮಾರುತಿ 800 ಕಾರೊಂದು ಕೆಂಗೇರಿ ದಾಟಿ ನಾಯಂಡಹಳ್ಳಿಯ ವಾಹನ ದಟ್ಟಣೆಯಲ್ಲಿ ಸಿಲುಕಿದೆ ಎಂದುಕೊಳ್ಳಿ. ಸಿಗ್ನಲ್‌ನಲ್ಲಿ ನಿಂತಾಗ ಡ್ಯಾಶ್‌ಬೋರ್ಡ್ ಮೇಲೆ ಎಣ್ಣೆ ಗಿಂಡಿಯ ಆಕಾರದ ಕೆಂಪು ದೀಪ ಮಿಣುಕುತ್ತದೆ. ಆಕ್ಸಿಲರೇಟರ್ ಮೇಲೆ ಕಾಲಿಟ್ಟೊಡನೆ ಆರುತ್ತದೆ. ಹಸಿರು ದೀಪ ಬಂದು ಕಾರು ಮುಂದೆ ಸಾಗಿದ ಮೇಲೆ ವಿಷಯ ಮರೆತುಹೋಗುತ್ತದೆ.

ಮರುದಿನ ಗ್ಯಾರೇಜಿನಲ್ಲಿ ಸಿಗುವ ಪರಿಹಾರ ಬಹುತೇಕ ಒಂದೇ: 'ಸ್ವಲ್ಪ ದಪ್ಪ ಆಯಿಲ್ ಹಾಕೋಣ ಸಾರ್, ಸರಿ ಹೋಗುತ್ತೆ.' ದಪ್ಪ ಆಯಿಲ್ ಬೀಳುತ್ತದೆ, ದೀಪವೂ ಸುಮ್ಮನಾಗುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಎಂಜಿನ್ನಿನ ಹೊಟ್ಟೆಯೊಳಗಿಂದ ಬಡಿತದ ಸದ್ದು ಕೇಳಿಸತೊಡಗುತ್ತದೆ. ಆಗ ಎಂಜಿನ್ ಇಳಿಸಿ ಬಿಚ್ಚದೆ ಬೇರೆ ದಾರಿಯಿಲ್ಲ. ಖರ್ಚಿನ ಪಟ್ಟಿ ಕಾರಿನ ಮಾರಾಟ ಬೆಲೆಯನ್ನೇ ಮೀರಿಸುವುದೂ ಉಂಟು.

ದೀಪ ಆರಿಸುವುದು ಬೇರೆ, ಕಾಯಿಲೆ ವಾಸಿ ಮಾಡುವುದು ಬೇರೆ. ಈ ಎರಡರ ನಡುವಿನ ಅಂತರವನ್ನು ಅರಿಯಬೇಕಾದರೆ ಎಂಜಿನ್ನಿನೊಳಗೆ ಆಯಿಲ್ ಏನು ಮಾಡುತ್ತದೆ, ಅದರ 'ಒತ್ತಡ' ಎಂದರೆ ಏನು ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ಇದು ಕೆಲವೇ ಹವ್ಯಾಸಿಗಳಿಗೆ ಸೀಮಿತವಾದ ಸಂಗತಿಯೇನಲ್ಲ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800 ಕಾರಿನ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಅಂಬಾಸಡರ್ ಕಾರಿನ ತಯಾರಿಕೆಯೂ ಸ್ಥಗಿತಗೊಂಡಿತು. ಈ ಕಾರುಗಳು, ಅವುಗಳ ಓರಗೆಯ ಇನ್ನೂ ಹಲವು ಮಾದರಿಗಳು ರಾಜ್ಯದ ಊರುಗಳಲ್ಲಿ ಇಂದಿಗೂ ಓಡುತ್ತಿವೆ. ಖಾಸಗಿ ಕಾರಿನ ನೋಂದಣಿಗೆ 15 ವರ್ಷ ತುಂಬಿದ ಮೇಲೆ ತಪಾಸಣೆ ಮಾಡಿಸಿ ನವೀಕರಿಸಿಕೊಂಡು ಕಾರು ಉಳಿಸಿಕೊಂಡವರೂ ಇದ್ದಾರೆ. ಅಪ್ಪನ ಕಾಲದ ಕಾರು ಎಂಬ ಅಕ್ಕರೆ ಕೆಲವರಿಗಾದರೆ, ಹೊಸದು ಕೊಳ್ಳುವ ಶಕ್ತಿಯಿಲ್ಲದ್ದು ಇನ್ನು ಕೆಲವರಿಗೆ ಕಾರಣ. ಇಬ್ಬರ ಪಾಲಿಗೂ ಎಂಜಿನ್ ಉಳಿದರೆ ಕಾರು ಉಳಿಯಿತು.

ಒತ್ತಡ ಎಂದರೆ ಹರಿವಲ್ಲ

ಎಂಜಿನ್ನಿನ ತಳದಲ್ಲಿ ಆಯಿಲ್ ಚೇಂಬರ್ ಎಂಬ ತಟ್ಟೆಯಿದೆ. ಅಲ್ಲಿ ನಿಂತ ಎಣ್ಣೆಯನ್ನು ಆಯಿಲ್ ಪಂಪು ಜರಡಿಯ ಮೂಲಕ ಹೀರಿ, ಫಿಲ್ಟರ್ ದಾಟಿಸಿ, ಸಣ್ಣ ಸಣ್ಣ ಕೊಳವೆ ದಾರಿಗಳಲ್ಲಿ ಕ್ರ್ಯಾಂಕ್ ಶಾಫ್ಟ್, ಕನೆಕ್ಟಿಂಗ್ ರಾಡ್ ಹಾಗೂ ಕ್ಯಾಮ್ ಶಾಫ್ಟ್‌ನ ಬೇರಿಂಗ್‌ಗಳಿಗೆ ನೂಕುತ್ತದೆ. ಅಲ್ಲಿಂದ ಸೋರಿದ ಎಣ್ಣೆ ಮತ್ತೆ ಚೇಂಬರಿಗೆ ಬಂದು ಬೀಳುತ್ತದೆ. ಎಂಜಿನ್ ತಿರುಗುತ್ತಿರುವಷ್ಟು ಹೊತ್ತು ಈ ಪ್ರದಕ್ಷಿಣೆ ನಿಲ್ಲುವುದಿಲ್ಲ.

ಇಲ್ಲಿ ಬಹುತೇಕರು ಎಡವುವ ಒಂದು ಅಂಶವಿದೆ. ಆಯಿಲ್ ಪಂಪು ಒತ್ತಡವನ್ನು ತಯಾರಿಸುವುದಿಲ್ಲ. ಅದು ಎಣ್ಣೆಯನ್ನು ಸಾಗಿಸುತ್ತದೆ, ಅಷ್ಟೆ. ಒಂದು ಸುತ್ತಿಗೆ ಇಂತಿಷ್ಟು ಎಂದು ಅಳೆದು ಮುಂದಕ್ಕೆ ದಬ್ಬುವುದು ಅದರ ಕೆಲಸ. ಹಾಗೆ ದಬ್ಬಿದ ಎಣ್ಣೆಗೆ ಮುಂದಿನ ಇಕ್ಕಟ್ಟಿನ ದಾರಿ ಒಡ್ಡುವ ತಡೆಯೇ ಒತ್ತಡವಾಗಿ ಕಾಣಿಸಿಕೊಳ್ಳುತ್ತದೆ. ಹಿತ್ತಲ ಗಿಡಗಳಿಗೆ ನೀರುಣಿಸುವ ಪೈಪನ್ನು ನೆನಪಿಸಿಕೊಂಡರೆ ಸಾಕು. ತುದಿ ತೆರೆದಿದ್ದರೆ ನೀರು ಕಾಲಬುಡದಲ್ಲೇ ಸುರಿಯುತ್ತದೆ. ಹೆಬ್ಬೆರಳಿನಿಂದ ತುದಿಯನ್ನು ಅರ್ಧ ಮುಚ್ಚಿದರೆ ದೂರಕ್ಕೆ ಚಿಮ್ಮುತ್ತದೆ. ನಲ್ಲಿ ಬದಲಾಗಿಲ್ಲ, ತಡೆ ಮಾತ್ರ ಬದಲಾಗಿದೆ.

ಆದ್ದರಿಂದ ಒತ್ತಡವನ್ನು ನಿರ್ಧರಿಸುವುದು ಮೂರು ಸಂಗತಿಗಳು. ಪಂಪು ಎಷ್ಟು ಎಣ್ಣೆ ಸಾಗಿಸುತ್ತಿದೆ, ಎಣ್ಣೆ ಎಷ್ಟು ಮಂದವಾಗಿದೆ, ಬೇರಿಂಗ್‌ಗಳ ಸಂದು ಎಷ್ಟು ಕಿರಿದಾಗಿದೆ. ಪಂಪು ಎಂಜಿನ್ ಜೊತೆಯಲ್ಲೇ ತಿರುಗುವುದರಿಂದ ವೇಗ ಹೆಚ್ಚಿದಂತೆ ಒತ್ತಡ ಏರುತ್ತದೆ. ಏರುತ್ತಲೇ ಹೋದರೆ ಫಿಲ್ಟರ್ ಹಾಗೂ ಸೀಲುಗಳಿಗೆ ಅಪಾಯ. ಅದನ್ನು ತಡೆಯಲು ಸ್ಪ್ರಿಂಗ್ ಇರುವ ರಿಲೀಫ್ ವಾಲ್ವ್ ಒಂದಿರುತ್ತದೆ. ಒತ್ತಡ ನಿಗದಿತ ಮಿತಿ ತಲುಪಿದೊಡನೆ ಅದು ತೆರೆದು, ಹೆಚ್ಚಾದ ಎಣ್ಣೆಯನ್ನು ಮುಂದಕ್ಕೆ ಬಿಡದೆ ಹಿಂದಕ್ಕೆ ಕಳಿಸುತ್ತದೆ.

ಈ ವಾಲ್ವನ್ನು ಗಮನದಲ್ಲಿಟ್ಟರೆ ದಪ್ಪ ಆಯಿಲ್‌ನ ಗುಟ್ಟು ಬಯಲಾಗುತ್ತದೆ. ಎಣ್ಣೆ ಅತಿ ಮಂದವಾದಾಗ ಒತ್ತಡ ಬೇಗ ಏರಿ ವಾಲ್ವ್ ಬೇಗ ತೆರೆಯುತ್ತದೆ. ಮೀಟರಿನ ಮುಳ್ಳು ಮೇಲಿರುತ್ತದೆ. ಬೇರಿಂಗ್‌ಗೆ ಸಲ್ಲುವ ಎಣ್ಣೆ ಮಾತ್ರ ಕಡಿಮೆಯಾಗಿರುತ್ತದೆ. ಒತ್ತಡ ಹೆಚ್ಚಿದೆ ಎಂದರೆ ಎಣ್ಣೆ ಹೆಚ್ಚು ಹರಿಯುತ್ತಿದೆ ಎಂದು ಅರ್ಥವಲ್ಲ.

ಹಾರಿಹೋದ ಬಿರಡೆ

ಹಾಗಾದರೆ ಲೋಹಕ್ಕೆ ಲೋಹ ತಾಗದಂತೆ ಕಾಯುವುದು ಪಂಪಿನ ಒತ್ತಡವೇ? ಅದೂ ಅಲ್ಲ. ಇದರ ಉತ್ತರ ದೊರೆತದ್ದು ಕಾರುಗಳು ಇನ್ನೂ ಬಳಕೆಗೆ ಬಾರದಿದ್ದ ಕಾಲದಲ್ಲಿ, ಇಂಗ್ಲೆಂಡಿನ ರೈಲು ಅಚ್ಚುಗಳ ಮೇಲೆ ನಡೆದ ಪ್ರಯೋಗಗಳಿಂದ.

ಬ್ಯೂಚಾಂಪ್ ಟವರ್ ಎಂಬ ಎಂಜಿನಿಯರ್ ಲಂಡನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯ ಪರವಾಗಿ ಬೇರಿಂಗ್‌ಗಳ ಘರ್ಷಣೆಯನ್ನು ಅಳೆಯುತ್ತಿದ್ದರು. 1883ರಲ್ಲಿ ಅವರ ಮೊದಲ ವರದಿ ಪ್ರಕಟವಾಯಿತು. ಎಣ್ಣೆ ಹಾಕಲೆಂದು ಬೇರಿಂಗ್‌ನ ನೆತ್ತಿಯಲ್ಲಿ ಅವರು ಒಂದು ರಂಧ್ರ ಕೊರೆಸಿದ್ದರು. ಅಚ್ಚು ತಿರುಗತೊಡಗಿದಾಗ ಎಣ್ಣೆ ಒಳಗೆ ಹೋಗುವ ಬದಲು ಅದೇ ರಂಧ್ರದಿಂದ ಮೇಲಕ್ಕೆ ಉಕ್ಕಿತು. ಮರದ ಬಿರಡೆ ಜಡಿದರೆ ಅದೂ ಹೊರಕ್ಕೆ ತಳ್ಳಲ್ಪಟ್ಟಿತು. ಅಲ್ಲಿಗೆ ಒತ್ತಡದ ಮೀಟರ್ ಜೋಡಿಸಿದಾಗ ಹೊರಿಸಿದ್ದ ಭಾರದ ಸರಾಸರಿಗಿಂತ ಬಹಳ ಹೆಚ್ಚಿನ ಒತ್ತಡ ಕಂಡುಬಂತು. ಇದಕ್ಕೆ ಗಣಿತದ ವಿವರಣೆಯನ್ನು 1886ರಲ್ಲಿ ಒದಗಿಸಿದವರು ಆಸ್ಬೋರ್ನ್ ರೆನಾಲ್ಡ್ಸ್.

ತಿರುಗುವ ಅಚ್ಚು ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿನೊಳಕ್ಕೆ ಎಳೆದುಕೊಳ್ಳುತ್ತದೆ. ಅಲ್ಲಿ ಎಣ್ಣೆ ಬೆಣೆಯಂತೆ ನುಗ್ಗಿ ಅಚ್ಚನ್ನು ಎತ್ತಿ ತೇಲಿಸುತ್ತದೆ. ಕ್ರ್ಯಾಂಕ್ ಶಾಫ್ಟ್ ಹಾಗೆ ತೇಲುತ್ತಲೇ ತಿರುಗುತ್ತದೆ. ಬೇರಿಂಗ್‌ನ ಒಳಗೆ ಹುಟ್ಟುವ ಈ ಒತ್ತಡದ ಮುಂದೆ ಪಂಪಿನ ದಾರಿಯಲ್ಲಿರುವ ಒತ್ತಡ ತೀರಾ ಅಲ್ಪ. ಆದರೆ ಬೆಣೆ ಉಳಿಯಬೇಕಾದರೆ ಸೋರಿಹೋದಷ್ಟು ಎಣ್ಣೆ ಬಂದು ತುಂಬುತ್ತಲೇ ಇರಬೇಕು; ಜೊತೆಗೆ ಅಲ್ಲಿ ಹುಟ್ಟಿದ ಶಾಖವನ್ನು ಹೊತ್ತೊಯ್ಯಲೂ ಬೇಕು. ಆ ಸರಬರಾಜು ನಡೆಯುತ್ತಿದೆಯೇ ಎಂದು ತಿಳಿಸುವ ನಾಡಿ ಬಡಿತವೇ ಆಯಿಲ್ ಒತ್ತಡ. ವೈದ್ಯರು ನಾಡಿ ನೋಡುವುದು ರೋಗ ತಿಳಿಯಲು. ನಾಡಿಯನ್ನೇ ಜೋರು ಮಾಡಿದರೆ ರೋಗ ಹೋಗುವುದಿಲ್ಲ.

ಹಳೆಯ ಎಂಜಿನ್ ಸೋಲುವುದೆಲ್ಲಿ?

ಕಾರು ಎಂಜಿನ್ನಿನ ಬೇರಿಂಗ್ ಸಂದು ಸಾಮಾನ್ಯವಾಗಿ ಮಿಲಿಮೀಟರಿನ ನೂರನೇ ಮೂರರಿಂದ ಆರು ಭಾಗದ ಆಸುಪಾಸಿನಲ್ಲಿರುತ್ತದೆ. ಒಂದು ತಲೆಗೂದಲೂ ಕಷ್ಟದಿಂದ ತೂರುವಷ್ಟು ಕಿರಿದು. ವರ್ಷಾನುಗಟ್ಟಲೆ ಓಡಿದಂತೆ ಇದು ಸವೆದು ಹಿಗ್ಗುತ್ತದೆ. ಹಿಗ್ಗಿದ ಸಂದಿನಿಂದ ಸೋರಿಕೆ ಹೆಚ್ಚುವುದು ಸಮಪ್ರಮಾಣದಲ್ಲಲ್ಲ, ಘನದ ಲೆಕ್ಕದಲ್ಲಿ. ಸಂದು ಎರಡು ಪಟ್ಟಾದರೆ ಅದೇ ಎಣ್ಣೆ, ಅದೇ ಒತ್ತಡಕ್ಕೆ ಎಂಟು ಪಟ್ಟು ಸೋರುತ್ತದೆ. ಹತ್ತು ವರ್ಷ ಸುಮ್ಮನಿದ್ದ ಕಾರು ಕೆಲವೇ ತಿಂಗಳಲ್ಲಿ ಕೈಕೊಟ್ಟಂತೆ ತೋರುವುದಕ್ಕೆ ಇದೂ ಒಂದು ಕಾರಣ.

ಇದಕ್ಕೆ ಶಾಖ ಸೇರಿಕೊಳ್ಳುತ್ತದೆ. ಬಿಸಿಯಾದ ಬೆಲ್ಲದ ಪಾಕ ನೀರಾಗುವಂತೆ ಎಣ್ಣೆಯೂ ತೆಳುವಾಗುತ್ತದೆ. 20ಡಬ್ಲ್ಯೂ-50 ದರ್ಜೆಯ ಎಣ್ಣೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದಾಗಿನ ಮಂದತೆಯ ಸುಮಾರು ಎಂಟನೇ ಒಂದು ಭಾಗ ಮಾತ್ರ 100 ಡಿಗ್ರಿಯಲ್ಲಿ ಉಳಿಯುತ್ತದೆ. ಇನ್ನು ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಿಧಾನವಾಗಿ ತಿರುಗುವುದರಿಂದ ಪಂಪು ಸಾಗಿಸುವ ಎಣ್ಣೆಯೂ ಕನಿಷ್ಠ. ಹಿಗ್ಗಿದ ಸಂದು, ತೆಳುವಾದ ಎಣ್ಣೆ, ನಿಧಾನದ ಪಂಪು ಮೂರೂ ಒಟ್ಟುಗೂಡುವ ಕ್ಷಣವೇ ನಾಯಂಡಹಳ್ಳಿಯ ಕೆಂಪು ದೀಪ.

ಸವೆತವೊಂದನ್ನೇ ದೂರುವಂತೆಯೂ ಇಲ್ಲ. ಆಯಿಲ್ ಮಟ್ಟ ಇಳಿದಿರುವುದು, ಚೇಂಬರಿನ ಜರಡಿಗೆ ಕಿಟ್ಟ ಕಟ್ಟಿರುವುದು, ರಿಲೀಫ್ ವಾಲ್ವ್ ತೆರೆದಂತೆಯೇ ಸಿಕ್ಕಿಕೊಂಡಿರುವುದು, ಪಂಪು ಸವೆದಿರುವುದು, ಫಿಲ್ಟರ್ ಕಳಪೆಯಾಗಿರುವುದು ಕೂಡ ಒತ್ತಡವನ್ನು ಇಳಿಸಬಲ್ಲವು. ಕಾರ್ಬ್ಯುರೇಟರ್ ಇರುವ ಕಾರುಗಳಲ್ಲಿ ಚೋಕ್ ಸರಿಯಾಗಿ ಬಿಡದಿದ್ದರೆ ಉರಿಯದ ಪೆಟ್ರೋಲ್ ಸಿಲಿಂಡರಿನಿಂದ ಇಳಿದು ಆಯಿಲ್ ಜೊತೆ ಬೆರೆಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುವ ಬದಲು ಏರಿದ್ದು, ಪೆಟ್ರೋಲ್ ವಾಸನೆಯಿದ್ದರೆ ಅದೇ ಸುಳಿವು. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ರೇಡಿಯೇಟರಿನ ನೀರು ಬೆರೆತಿರುವ ಶಂಕೆ. ಅಗತ್ಯಕ್ಕಿಂತ ಹೆಚ್ಚು ಆಯಿಲ್ ಸುರಿದರೂ ಕ್ರ್ಯಾಂಕ್ ಶಾಫ್ಟ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆ ಹೀರಿದ ಪಂಪಿನಿಂದ ಸ್ಥಿರವಾದ ಒತ್ತಡ ಬಾರದು.

ದೀಪ ಹೇಳುವುದೇನು, ಹೇಳದಿರುವುದೇನು?

ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ಅಳತೆಯ ಸಾಧನವೆಂದು ತಿಳಿಯುವುದು ತಪ್ಪು. ಎಂಜಿನ್ನಿಗೆ ತಿರುಗಿಸಿ ಕೂರಿಸಿದ ಪುಟ್ಟ ಸ್ವಿಚ್ ಒಂದು ಅದನ್ನು ನಡೆಸುತ್ತದೆ. ಬಹುತೇಕ ಕಾರುಗಳಲ್ಲಿ ಒತ್ತಡ ಚದರ ಅಂಗುಲಕ್ಕೆ ಸುಮಾರು 4ರಿಂದ 7 ಪೌಂಡ್‌ಗಳ ಮಟ್ಟಕ್ಕೆ, ಅಂದರೆ 4ರಿಂದ 7 ಪಿಎಸ್ಐಗೆ ಕುಸಿದಾಗ ಮಾತ್ರ ಅದು ಹೊತ್ತುತ್ತದೆ. ಕಾರಿನ ಚಕ್ರದ ಗಾಳಿ ಸುಮಾರು 30 ಪಿಎಸ್ಐ ಎಂಬುದನ್ನು ನೆನೆದರೆ ಇದು ಎಷ್ಟು ಕಡಿಮೆ ಎಂದು ಅರಿವಾಗುತ್ತದೆ. ಓಡುವ ವೇಗದಲ್ಲಿ 40 ಪಿಎಸ್ಐ ಇರಬೇಕಾದಲ್ಲಿ 15ಕ್ಕೆ ಇಳಿದಿದ್ದರೂ ದೀಪ ಬಾಯಿ ಬಿಡುವುದಿಲ್ಲ. ಹೀಗಾಗಿ ಕೆಂಪು ದೀಪ ಮುನ್ನೆಚ್ಚರಿಕೆಯಲ್ಲ, ಕೊನೆಯ ಎಚ್ಚರಿಕೆ.

ಕಾರು ಓಡುತ್ತಿರುವಾಗ ದೀಪ ಹೊತ್ತಿ ಆರದೆ ನಿಂತರೆ ಮಾಡಬೇಕಾದ್ದು ಒಂದೇ. ಸುರಕ್ಷಿತವಾಗಿ ರಸ್ತೆಯ ಅಂಚಿಗೆ ತಂದು ಎಂಜಿನ್ ಆಫ್ ಮಾಡಬೇಕು. 'ಮನೆ ಇನ್ನೆರಡೇ ಕಿಲೋಮೀಟರ್' ಎಂಬ ಆಸೆಯೇ ಎಷ್ಟೋ ಎಂಜಿನ್‌ಗಳನ್ನು ಬಲಿ ತೆಗೆದುಕೊಂಡಿದೆ. ಎಣ್ಣೆಯಿಲ್ಲದ ಬೇರಿಂಗ್ ಹಾಳಾಗಲು ಕೆಲವು ನಿಮಿಷಗಳೇ ಸಾಕು. ಸಮತಟ್ಟಾದ ಜಾಗದಲ್ಲಿ ಐದರಿಂದ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಒರೆಸಿ, ಮತ್ತೆ ಅದ್ದಿ ಮಟ್ಟ ನೋಡಬೇಕು. ಮಟ್ಟ ಕಡಿಮೆಯಿದ್ದರೆ ಆಯಿಲ್ ತುಂಬಿ ಎಂಜಿನ್ ಚಾಲೂ ಮಾಡಿ ನೋಡಬಹುದು. ಕೆಲವು ಕ್ಷಣಗಳಲ್ಲಿ ದೀಪ ಆರಬೇಕು. ಮಟ್ಟ ಸರಿಯಿದ್ದೂ ದೀಪ ಉಳಿದರೆ ಕಾರನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯುವುದು ಲೇಸು.

ಮೊದಲು ಅಳತೆ, ಆಮೇಲೆ ಆಯಿಲ್

ದೀಪ ಮಿಣುಕಿತು ಎಂದಾಕ್ಷಣ ಎಂಜಿನ್ ಕೆಲಸಕ್ಕೆ ಬಂದಿದೆ ಎಂದು ತೀರ್ಮಾನಿಸಬೇಕಾಗಿಲ್ಲ. ಸ್ವಿಚ್ಚೇ ಕೆಟ್ಟಿರಬಹುದು; ಅದರ ಬೆಲೆ ಎಂಜಿನ್ ಕೆಲಸದ ಮುಂದೆ ಲೆಕ್ಕಕ್ಕೇ ಬಾರದು. ನಿಜಸ್ಥಿತಿ ತಿಳಿಯಲು ಇರುವ ದಾರಿಯೆಂದರೆ ಆ ಸ್ವಿಚ್ ಬಿಚ್ಚಿ, ಅದೇ ರಂಧ್ರಕ್ಕೆ ಮುಳ್ಳಿನ ಗೇಜ್ ಜೋಡಿಸಿ ಒತ್ತಡ ಅಳೆಯುವುದು. ಸಾಧನವಿರುವ ಗ್ಯಾರೇಜಿನಲ್ಲಿ ಇದು ದೊಡ್ಡ ಕೆಲಸವೇನಲ್ಲ. 'ಗೇಜ್ ಹಾಕಿ ನೋಡಿದಿರಾ?' ಎಂದು ಕೇಳುವ ಹಕ್ಕು ಕಾರಿನ ಮಾಲೀಕರಿಗೆ ಇದೆ, ಕೇಳಲೂಬೇಕು.

ಅಳತೆಯನ್ನು ತಣ್ಣನೆಯ ಎಂಜಿನ್ನಿನಲ್ಲಿ ಮಾಡಿ ಪ್ರಯೋಜನವಿಲ್ಲ. ಆಗ ಎಣ್ಣೆ ಮಂದವಾಗಿದ್ದು ಸವೆದ ಎಂಜಿನ್ ಕೂಡ ಒಳ್ಳೆಯ ಅಂಕವನ್ನೇ ತೋರಿಸುತ್ತದೆ. ಕನಿಷ್ಠ 20 ನಿಮಿಷ ಓಡಿಸಿ, ಪೂರಾ ಬಿಸಿಯಾದ ಮೇಲೆ ಎರಡು ಬಾರಿ ಅಳೆಯಬೇಕು: ನಿಂತಲ್ಲೇ ನಿಧಾನವಾಗಿ ತಿರುಗುವಾಗ ಒಮ್ಮೆ, ನಿಮಿಷಕ್ಕೆ 2000ದಿಂದ 3000 ಸುತ್ತುಗಳ ವೇಗದಲ್ಲಿ ಇನ್ನೊಮ್ಮೆ. ಆಯಾ ಕಾರಿನ ಸರ್ವೀಸ್ ಕೈಪಿಡಿಯಲ್ಲಿ ನಮೂದಿಸಿರುವ ಅಂಕಿಯೇ ಅಂತಿಮ ಮಾನದಂಡ. ಕೈಪಿಡಿ ಸಿಗದಿದ್ದಾಗ ಮೆಕ್ಯಾನಿಕ್‌ಗಳ ವಲಯದಲ್ಲಿ ಒಂದು ಹಳೆಯ ಅಂದಾಜು ಬಳಕೆಯಲ್ಲಿದೆ: ಪ್ರತಿ 1000 ಸುತ್ತಿಗೆ ಸುಮಾರು 10 ಪಿಎಸ್ಐ. ಅದು ಅಂದಾಜು ಮಾತ್ರ, ನಿಯಮವಲ್ಲ.

ಎರಡು ಅಳತೆಗಳನ್ನು ಒಟ್ಟಿಗೆ ಓದಿದರೆ ಕಾಯಿಲೆಯ ಜಾಡು ಸಿಗುತ್ತದೆ.

* ಎರಡೂ ಸರಿಯಿದ್ದು ದೀಪ ಮಾತ್ರ ಹೊತ್ತುತ್ತಿದ್ದರೆ: ಸ್ವಿಚ್ ಅಥವಾ ಅದರ ತಂತಿಯ ದೋಷ.

* ನಿಧಾನದಲ್ಲಿ ಕಡಿಮೆ, ವೇಗದಲ್ಲಿ ಸಾಕಷ್ಟು: ಬೇರಿಂಗ್ ಸವೆತ, ತೆಳುವಾದ ಅಥವಾ ಪೆಟ್ರೋಲ್ ಬೆರೆತ ಆಯಿಲ್.

* ಎರಡರಲ್ಲೂ ಕಡಿಮೆ: ಜರಡಿ ಕಟ್ಟಿರುವುದು, ಪಂಪಿನ ಸವೆತ, ತೆರೆದು ನಿಂತ ರಿಲೀಫ್ ವಾಲ್ವ್ ಅಥವಾ ಮುಂದುವರಿದ ಬೇರಿಂಗ್ ಸವೆತ.

* ತಿರುವಿನಲ್ಲಿ, ಬ್ರೇಕ್ ಒತ್ತಿದಾಗ ಮಾತ್ರ ಕುಸಿತ: ಆಯಿಲ್ ಮಟ್ಟ ಕಡಿಮೆ, ಜರಡಿ ಗಾಳಿ ಹೀರುತ್ತಿದೆ.

* ಬಿಸಿಯಾದ ಮೇಲೂ ಅತಿ ಹೆಚ್ಚು: ಮುಚ್ಚಿ ಸಿಕ್ಕಿಕೊಂಡ ರಿಲೀಫ್ ವಾಲ್ವ್ ಅಥವಾ ಅಗತ್ಯಕ್ಕೆ ಮೀರಿದ ದಪ್ಪ ಆಯಿಲ್.

ಡಬ್ಬದ ಮೇಲಿನ ಅಂಕಿಗಳ ಅರ್ಥ

ಅಂಗಡಿಯಲ್ಲಿ ಸಾಲಾಗಿ ನಿಂತ ಡಬ್ಬಗಳ ಮೇಲೆ 5ಡಬ್ಲ್ಯೂ-30, 10ಡಬ್ಲ್ಯೂ-40, 15ಡಬ್ಲ್ಯೂ-40, 20ಡಬ್ಲ್ಯೂ-50 ಎಂದೆಲ್ಲ ಬರೆದಿರುತ್ತದೆ. ಇದು ಅಮೆರಿಕದ ವಾಹನ ಎಂಜಿನಿಯರುಗಳ ಸಂಘ, ಅಂದರೆ ಎಸ್ಎಇ ನಿಗದಿಪಡಿಸಿದ ದರ್ಜೆ. ಡಬ್ಲ್ಯೂ ಎಂಬುದು ಚಳಿಗಾಲವನ್ನು ಸೂಚಿಸುವ ಇಂಗ್ಲಿಷ್ ಪದದ ಮೊದಲಕ್ಷರ. ಅದರ ಹಿಂದಿನ ಅಂಕಿ ಚಳಿಯಲ್ಲಿ ಎಣ್ಣೆಯ ವರ್ತನೆಯನ್ನೂ, ಮುಂದಿನ ಅಂಕಿ 100 ಡಿಗ್ರಿ ಶಾಖದಲ್ಲಿ ಅದರ ಮಂದತೆಯನ್ನೂ ಸೂಚಿಸುತ್ತವೆ.

ಎರಡನೆಯ ಅಂಕಿ ನೇರ ಅಳತೆಯಲ್ಲ, ಒಂದು ವ್ಯಾಪ್ತಿಯ ಹೆಸರು. 100 ಡಿಗ್ರಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್‌ವರೆಗಿನ ಎಣ್ಣೆ '30' ಎನಿಸಿಕೊಳ್ಳುತ್ತದೆ. 12.5ರಿಂದ 16.3ರವರೆಗೆ '40', 16.3ರಿಂದ 21.9ರವರೆಗೆ '50'. ಆದ್ದರಿಂದ ಒಂದು ಕಂಪನಿಯ ದಪ್ಪನೆಯ 40ಕ್ಕೂ ಇನ್ನೊಂದು ಕಂಪನಿಯ ತೆಳುವಾದ 50ಕ್ಕೂ ಕೂದಲೆಳೆಯ ವ್ಯತ್ಯಾಸವಷ್ಟೇ ಇರಬಹುದು.

ಮೊದಲ ಅಂಕಿಯ ವಿಷಯದಲ್ಲಿ ಕರ್ನಾಟಕದ ಕಾರುಗಳಿಗೆ ಚಿಂತೆ ಕಡಿಮೆ. 20ಡಬ್ಲ್ಯೂ ಎಣ್ಣೆ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲೂ ಪಂಪಿನಿಂದ ಸಾಗುವಂತಿರಬೇಕೆಂಬುದು ನಿಯಮ. ಮಡಿಕೇರಿಯ ಚಳಿಗಾಲದ ಮುಂಜಾನೆಯೂ ಅದರ ಹತ್ತಿರ ಸುಳಿಯದು. ಆದರೂ 10ಡಬ್ಲ್ಯೂ ಅಥವಾ 15ಡಬ್ಲ್ಯೂ ಎಣ್ಣೆ ಬೆಳಗಿನ ಮೊದಲ ಕ್ಷಣಗಳಲ್ಲಿ ಎಂಜಿನ್ನಿನ ನೆತ್ತಿಗೆ ಬೇಗ ಏರುತ್ತದೆ ಎಂಬ ಲಾಭವುಂಟು.

ಕಲಬುರಗಿ, ರಾಯಚೂರಿನ 40 ಡಿಗ್ರಿ ದಾಟುವ ಬಿಸಿಲಿಗೆ ದಪ್ಪ ಆಯಿಲ್ ಬೇಕೇಬೇಕು ಎಂಬ ಮಾತೂ ಅರ್ಧ ಸತ್ಯ. ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಸರಿಯಾಗಿದ್ದರೆ ಹೊರಗಿನ ಬಿಸಿಲು ಏರಿದಷ್ಟೇ ಪ್ರಮಾಣದಲ್ಲಿ ಎಣ್ಣೆಯ ಶಾಖ ಏರುವುದಿಲ್ಲ. ರೇಡಿಯೇಟರಿನಲ್ಲಿ ಕೊಳೆ ಕಟ್ಟಿ, ಫ್ಯಾನ್ ಸೋತಿರುವ ಹಳೆಯ ಕಾರು ತುಂಬು ಹೇರಿನೊಂದಿಗೆ ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಹತ್ತುವಾಗಿನ ಮಾತು ಬೇರೆ. ಅಲ್ಲಿ ಮೊದಲು ರಿಪೇರಿಯಾಗಬೇಕಾದ್ದು ರೇಡಿಯೇಟರ್, ಬದಲಾಗಬೇಕಾದ್ದು ಆಯಿಲ್ ಅಲ್ಲ.

ಅಕ್ಷರಗಳೂ ಮುಖ್ಯ

ದರ್ಜೆಯ ಜೊತೆಗೆ ಡಬ್ಬದ ಮೇಲೆ ಎಪಿಐ ಎಂಬ ಗುರುತು, ಎರಡಕ್ಷರದ ಸಂಕೇತ ಇರುತ್ತದೆ. ಇದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುಣಮಟ್ಟದ ವರ್ಗ. ಎಸ್ ಇಂದ ಶುರುವಾದರೆ ಪೆಟ್ರೋಲ್ ಎಂಜಿನ್ನಿಗೆ, ಸಿ ಇಂದ ಶುರುವಾದರೆ ಡೀಸೆಲ್‌ಗೆ. ಎರಡನೆಯ ಅಕ್ಷರ ಮುಂದೆ ಹೋದಂತೆ ವರ್ಗ ಹೊಸದು: 2001ರ ಎಸ್ಎಲ್, 2004ರ ಎಸ್ಎಂ, 2010ರ ಎಸ್ಎನ್, 2020ರ ಎಸ್‌ಪಿ, 2025ರ ಎಸ್‌ಕ್ಯೂ. ಸಾಮಾನ್ಯವಾಗಿ ಹೊಸ ವರ್ಗ ಹಳೆಯದರ ಜಾಗದಲ್ಲಿ ಸಲ್ಲುತ್ತದೆ.

ಆದರೆ ತೀರಾ ಹಳೆಯ ವಿನ್ಯಾಸದ ಎಂಜಿನ್‌ಗಳ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಅಂಬಾಸಡರ್‌ನ ಹಳೆಯ 1489 ಸಿಸಿ ಎಂಜಿನ್ ಅಥವಾ ಪ್ರೀಮಿಯರ್ ಪದ್ಮಿನಿಯ ಎಂಜಿನ್ನಿನಲ್ಲಿ ಕ್ಯಾಮ್ ಉಬ್ಬುಗಳು ಚಪ್ಪಟೆ ತಳದ ಟ್ಯಾಪೆಟ್‌ಗಳ ಮೇಲೆ ಉಜ್ಜಿಕೊಂಡೇ ತಿರುಗುತ್ತವೆ. ಆ ಜಾಗದಲ್ಲಿ ಎಣ್ಣೆಯ ಪದರಕ್ಕಿಂತ ಹೆಚ್ಚಾಗಿ ಅದರಲ್ಲಿ ಬೆರೆಸಿದ ಸತು ಹಾಗೂ ರಂಜಕದ ಸಂಯುಕ್ತ ಲೋಹವನ್ನು ಕಾಯುತ್ತದೆ. ರಂಜಕವು ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುವುದರಿಂದ, ಎಸ್ಎಂ ವರ್ಗದಿಂದೀಚೆಗೆ 5ಡಬ್ಲ್ಯೂ-30, 10ಡಬ್ಲ್ಯೂ-30ರಂಥ ತೆಳು ದರ್ಜೆಗಳಲ್ಲಿ ಅದರ ಪ್ರಮಾಣವನ್ನು ಶೇ 0.08ಕ್ಕೆ ಮಿತಿಗೊಳಿಸಲಾಗಿದೆ. 15ಡಬ್ಲ್ಯೂ-40, 20ಡಬ್ಲ್ಯೂ-50 ದರ್ಜೆಗಳಿಗೆ ಈ ಮಿತಿ ಅನ್ವಯಿಸದು. ಆದ್ದರಿಂದ ಇಂಥ ಕಾರಿಗೆ ದುಬಾರಿಯಾದ ತೆಳು ಆಯಿಲ್ ಸುರಿದು ಉಪಕಾರ ಮಾಡಿದೆ ಎಂದುಕೊಳ್ಳುವುದು ಸರಿಯಲ್ಲ.

ಬೈಕ್‌ಗಳಿಗೆಂದು ಮಾರುವ 20ಡಬ್ಲ್ಯೂ-40 ಆಯಿಲನ್ನು ಕಾರಿಗೆ ಸುರಿಯುವ ರೂಢಿ ಕೆಲವೆಡೆ ಇದೆ. ಅದು ಎಣ್ಣೆಯಲ್ಲೇ ಮುಳುಗಿರುವ ಬೈಕಿನ ಕ್ಲಚ್ಚನ್ನು ಗಮನದಲ್ಲಿಟ್ಟು ತಯಾರಾದದ್ದು. ಕಾರಿಗೆ ಕಾರಿನದೇ ಆಯಿಲ್ ಲೇಸು.

ದಪ್ಪ ಆಯಿಲ್ ಯಾವಾಗ ಸಲ್ಲುತ್ತದೆ?

ಆಯ್ಕೆಯ ಮೊದಲ ಹೆಜ್ಜೆ ಕಾರಿನ ಕೈಪಿಡಿ. ಎಂಜಿನ್ ಆರೋಗ್ಯವಾಗಿದ್ದು ಅಳತೆ ಸರಿಯಿದ್ದರೆ ಕಾರಿನ ವಯಸ್ಸು ಎಷ್ಟೇ ಆಗಿರಲಿ, ಅಲ್ಲಿ ಹೇಳಿದ ದರ್ಜೆಯೇ ಸಾಕು. ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ದಪ್ಪ ಆಯಿಲ್‌ಗೆ ಬದಲಾಯಿಸಬೇಕಾಗಿಲ್ಲ.

ಗೇಜ್ ಅಳತೆಯಲ್ಲಿ ಬಿಸಿ ಎಂಜಿನ್ನಿನ ಒತ್ತಡ ಕೈಪಿಡಿಯ ಮಿತಿಗಿಂತ ಸ್ವಲ್ಪ ಕೆಳಗಿದ್ದು, ಬೇರಿಂಗ್ ಸದ್ದಿಲ್ಲದಿದ್ದರೆ, ಜರಡಿ, ವಾಲ್ವ್, ಆಯಿಲ್ ಮಟ್ಟ ಎಲ್ಲವೂ ಸರಿಯಿದ್ದರೆ ಕೈಪಿಡಿ ಅನುಮತಿಸಿದ ವ್ಯಾಪ್ತಿಯೊಳಗೆ ಒಂದು ಮೆಟ್ಟಿಲು ಮೇಲೇರಬಹುದು. 30 ಇದ್ದಲ್ಲಿ 40, 40 ಇದ್ದಲ್ಲಿ 50. ಬದಲಾಯಿಸಿದ ಮೇಲೆ ಮತ್ತೆ ಅಳೆಯಬೇಕು. ಒತ್ತಡ ಮಿತಿಯೊಳಗೆ ಬಂದರೆ ಎಂಜಿನ್ನಿಗೆ ಒಂದಿಷ್ಟು ಕಾಲಾವಕಾಶ ದೊರೆಯಿತು ಎಂದು ತಿಳಿಯಬೇಕೇ ಹೊರತು ಎಂಜಿನ್ ಹೊಸದಾಯಿತು ಎಂದಲ್ಲ. ಆ ಅವಧಿಯಲ್ಲಿ ಬೇರಿಂಗ್ ಬದಲಿಗೆ ಹಣ ಹೊಂದಿಸಿಕೊಳ್ಳುವುದು ಜಾಣತನ.

ಬೇರಿಂಗ್‌ಗಳನ್ನು ಮಾತ್ರ ಸಕಾಲದಲ್ಲಿ ಬದಲಾಯಿಸಿದರೆ ಕ್ರ್ಯಾಂಕ್ ಶಾಫ್ಟ್ ಉಳಿಯುವ ಸಾಧ್ಯತೆಯಿದೆ. ಸದ್ದು ಅಡಗಿಸಿಕೊಂಡು ಓಡಿಸಿದರೆ ಶಾಫ್ಟ್ ಗೀರುಬಿದ್ದು, ಅದನ್ನು ಅರೆಸಬೇಕಾಗುತ್ತದೆ ಇಲ್ಲವೇ ಬದಲಾಯಿಸಬೇಕಾಗುತ್ತದೆ. ದಪ್ಪ ಆಯಿಲ್ ತರುವ ನಿಜವಾದ ನಷ್ಟ ಇದೇ: ಸಣ್ಣ ರಿಪೇರಿಯ ಕಾಲವನ್ನು ಕಳೆದು ದೊಡ್ಡ ರಿಪೇರಿಯ ಬಾಗಿಲಿಗೆ ತಂದು ನಿಲ್ಲಿಸುವುದು.

ಕೆಲವು ನಂಬಿಕೆಗಳು

ಸಿಂಥೆಟಿಕ್ ಆಯಿಲ್ ಹಳೆಯ ಕಾರಿನಲ್ಲಿ ಸೋರುತ್ತದೆ ಎಂಬ ಮಾತಿದೆ. ಸೋರಿಕೆಗೆ ಕಾರಣ ಗಡುಸಾದ ಹಳೆಯ ಸೀಲುಗಳು. ಅವುಗಳ ಬಿರುಕನ್ನು ಮುಚ್ಚಿದ್ದ ಕಿಟ್ಟ ಹೊಸ ಎಣ್ಣೆಯಿಂದ ತೊಳೆದುಹೋದಾಗ ಸೋರಿಕೆ ಬಯಲಿಗೆ ಬರುತ್ತದೆ. ಸಿಂಥೆಟಿಕ್ ಹಾನಿಕರವಲ್ಲ. ಆದರೆ ತಿಂಗಳಿಗೆ ಲೀಟರುಗಟ್ಟಲೆ ಎಣ್ಣೆ ಕುಡಿಯುವ ಎಂಜಿನ್ನಿಗೆ ಅಷ್ಟು ಹಣ ಸುರಿಯುವುದು ವ್ಯರ್ಥ.

ಎಂಜಿನ್ ಫ್ಲಶ್ ಮಾಡಿಸಿದರೆ ಒಳಗೆಲ್ಲ ಶುಭ್ರವಾಗುತ್ತದೆ ಎಂಬ ಭರವಸೆಯೂ ಅಪಾಯಕಾರಿ. ವರ್ಷಗಳಿಂದ ಕಟ್ಟಿದ ಕಿಟ್ಟ ಒಮ್ಮೆಲೇ ಕಳಚಿ ಪಂಪಿನ ಜರಡಿಗೆ ಅಡ್ಡವಾದರೆ ಇದ್ದ ಒತ್ತಡವೂ ಹೋಗುತ್ತದೆ. ನಿರ್ಲಕ್ಷ್ಯಕ್ಕೊಳಗಾದ ಎಂಜಿನ್ನಿಗೆ ಚೇಂಬರ್ ಇಳಿಸಿ ಜರಡಿ ತೊಳೆಸುವುದು, ಬಳಿಕ ಎರಡು ಮೂರು ಬಾರಿ ಕಡಿಮೆ ಅಂತರದಲ್ಲಿ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸುವುದು ಸುರಕ್ಷಿತ ಮಾರ್ಗ.

ಕಡಿಮೆ ಓಡುವ ಕಾರಿಗೆ ಆಯಿಲ್ ಬದಲಾಯಿಸಬೇಕಿಲ್ಲ ಎಂಬುದೂ ತಪ್ಪು. ಮಾರುಕಟ್ಟೆಗೆ ಹೋಗಿ ಬರುವಂಥ ಕಿರು ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ ತೇವ ಹಾಗೂ ಪೆಟ್ರೋಲ್ ಎಣ್ಣೆಯಲ್ಲೇ ಉಳಿಯುತ್ತವೆ. ಕಿಲೋಮೀಟರ್ ಎಷ್ಟೇ ಆಗಿರಲಿ, ವರ್ಷಕ್ಕೊಮ್ಮೆಯಾದರೂ ಬದಲಾವಣೆ ಅಗತ್ಯ. ಫಿಲ್ಟರ್ ಹಾಗೂ ಆಯಿಲನ್ನು ನಂಬಿಕಸ್ತ ಅಂಗಡಿಯಲ್ಲಿ ಬಿಲ್ ಸಮೇತ ಕೊಂಡು, ಸೀಲು ಮುರಿಯುವುದನ್ನು ಕಣ್ಣಾರೆ ನೋಡಬೇಕು. ಇಳಿಸಿದ ಹಳೆಯ ಆಯಿಲನ್ನು ಚರಂಡಿಗೆ ಸುರಿಯದೆ ಅಧಿಕೃತ ಸಂಗ್ರಹಕ್ಕೆ ಒಪ್ಪಿಸುವುದು ಮರೆಯಬಾರದ ಇನ್ನೊಂದು ಕರ್ತವ್ಯ.

ಹಳೆಯ ಕಾರು ಕೊಳ್ಳುವವರಿಗೆ

ಈ ಎಲ್ಲ ವಿವರ ಹೆಚ್ಚು ಉಪಯೋಗಕ್ಕೆ ಬರುವುದು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ. ಮಾರುವವರು ದಪ್ಪ ಆಯಿಲ್ ತುಂಬಿಸಿ ಸದ್ದು ಮುಚ್ಚಿರಬಹುದು. ಕೆಂಪು ದೀಪದ ತಂತಿಯನ್ನೇ ಕಳಚಿರಲೂಬಹುದು. ಇದನ್ನು ಪತ್ತೆಹಚ್ಚಲು ಯಾವ ಸಾಧನವೂ ಬೇಡ. ಕೀಲಿ ತಿರುಗಿಸಿ, ಎಂಜಿನ್ ಚಾಲೂ ಮಾಡುವ ಮುನ್ನ ಆಯಿಲ್ ದೀಪ ಹೊತ್ತಲೇಬೇಕು. ಹೊತ್ತದಿದ್ದರೆ ಬಲ್ಬ್ ಸುಟ್ಟಿದೆ, ಸ್ವಿಚ್ ಕೆಟ್ಟಿದೆ ಅಥವಾ ಯಾರೋ ಕೈಯಾಡಿಸಿದ್ದಾರೆ ಎಂದರ್ಥ. ಚಾಲೂ ಆದ ಮೇಲೆ ಕೆಲವೇ ಕ್ಷಣಗಳಲ್ಲಿ ಅದು ಆರಬೇಕು.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ತಾವೇ ಚಾಲೂ ಮಾಡುವುದು, ಬಳಿಕ ಅರ್ಧ ಗಂಟೆ ನಗರದ ದಟ್ಟಣೆಯಲ್ಲಿ ಓಡಿಸಿ, ನಿಂತಲ್ಲಿ ದೀಪ ಮಿಣುಕುತ್ತದೆಯೇ, ಬಡಿತ ಕೇಳಿಸುತ್ತದೆಯೇ ಎಂದು ಗಮನಿಸುವುದು ಉತ್ತಮ. ತಣ್ಣಗಿರುವಾಗ ಸುಮ್ಮನಿದ್ದು ಬಿಸಿಯಾದಾಗ ಗೊಣಗುವ ಎಂಜಿನ್ ತನ್ನ ವಯಸ್ಸನ್ನು ತಾನೇ ಹೇಳಿಕೊಳ್ಳುತ್ತದೆ.

ಇಷ್ಟೆಲ್ಲದರ ಸಾರ ಸರಳ. ತಿಂಗಳಿಗೆರಡು ಬಾರಿ ಡಿಪ್‌ಸ್ಟಿಕ್ ನೋಡುವುದಕ್ಕೆ ಖರ್ಚಾಗುವುದು ಎರಡು ನಿಮಿಷ ಮತ್ತು ಒಂದು ಹಳೆಯ ಬಟ್ಟೆ. ಗೇಜ್ ಹಾಕಿಸಿ ಅಳತೆ ತೆಗೆಸಲು ತಗಲುವುದು ಗ್ಯಾರೇಜಿನ ಅರ್ಧ ದಿನ. ಇವೆರಡನ್ನೂ ಬಿಟ್ಟು ದೀಪ ಹೊತ್ತಿದ ಮೇಲೆ ಆಯಿಲ್ ಅಂಗಡಿ ಹುಡುಕುವುದೆಂದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.